ಕೊನೆಯ ತುಂಡನ್ನು ಯಾರೂ ಮುಟ್ಟದ ಊರಿನಿಂದ, ಕಣ್ಣು ಮುದ್ರಿಸುವ ಯಂತ್ರಕ್ಕೆ

ಮಾನ್ಯ ಮುದ್ರಣಯಂತ್ರ ಮಹಾಶಯರೇ,

ಗೋಥೆನ್‌ಬರ್ಗ್ ಬಂದರಿನ ಪಕ್ಕದ ಪ್ರಯೋಗಾಲಯದ ಗಾಜಿನ ಕೋಣೆಯಲ್ಲಿ, ಧೂಳಿಲ್ಲದ ಗಾಳಿಯಲ್ಲಿ, ಸದಾ ಒಂದೇ ಹದದ ತಂಪಿನಲ್ಲಿ ವಿರಾಜಮಾನರಾಗಿರುವ ತಮ್ಮ ಪಾದಗಳಿಗೆ, ಅಂದರೆ ತಮ್ಮ ಅಡಿಯ ನಾಲ್ಕು ರಬ್ಬರ್ ಗುಂಡುಗಳಿಗೆ, ನಿವೃತ್ತ ಮುದ್ರಕ ಎವೆರ್ಟ್ ಸಾಂಡ್‌ಕ್ಲೆಫ್ ಮಾಡುವ ನಮಸ್ಕಾರಗಳು. ತಮ್ಮನ್ನು ‘ತಾವು’ ಎಂದು ಕರೆದದ್ದಕ್ಕೆ ಗಾಬರಿಯಾಗಬೇಡಿ. ನಮ್ಮ ದೇಶದಲ್ಲಿ ವೈದ್ಯರನ್ನೂ ಪ್ರೊಫೆಸರರನ್ನೂ ಪ್ರಧಾನಿಯನ್ನೂ ‘ನೀನು’ ಎಂದೇ ಕರೆಯಲು ಶುರುಮಾಡಿ ಅರ್ಧ ಶತಮಾನ ಕಳೆದಿರುವುದರಿಂದ ನನ್ನ ಬಳಿ ಖರ್ಚಾಗದ ಗೌರವ ರಾಶಿ ಉಳಿದಿದೆ. ಅದನ್ನೆಲ್ಲ ತಮಗೇ ಅರ್ಪಿಸುತ್ತಿದ್ದೇನೆ. ಸಂಜೆ ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನ ಪ್ರಕಾರ ಇಂಥ ಪತ್ರವನ್ನು ‘ಐ ಬೆಗ್ ಟು ಸ್ಟೇಟ್’ ಎಂದು ಆರಂಭಿಸಬೇಕೆಂದು ನೆನಪು. ಅದರ ಮುಂದಿನ ಸಾಲು ಮರೆತುಹೋಗಿದೆ. ಆದ್ದರಿಂದ ನೇರವಾಗಿ ದೂರಿಗೇ ಬರುತ್ತೇನೆ.

ಬರುವ ಮುಂಚೆ ಒಂದು ಮಾತು. ನಾವಿಬ್ಬರೂ ಒಂದೇ ಕಸುಬಿನವರು. ನಾನು ಪತ್ರಿಕೆಯ ಅಚ್ಚುಮನೆಯಲ್ಲಿ ಕೂದಲು ಬೆಳ್ಳಗಾಗುವವರೆಗೆ ದುಡಿದವನು. ನನ್ನ ಶಾಯಿ ಡ್ರಮ್ಮುಗಳಲ್ಲಿ ಬರುತ್ತಿತ್ತು, ಅಂಗಿಯ ತೋಳಿಗೆ ಹತ್ತಿ ಮನೆಗೂ ಬರುತ್ತಿತ್ತು, ನನ್ನ ಹೆಂಡತಿ ಡಾಗ್ನಿಯ ಬೈಗುಳಕ್ಕೆ ಕಾರಣವಾಗುತ್ತಿತ್ತು. ತಮ್ಮ ಶಾಯಿಯ ಗತ್ತೇ ಬೇರೆ. ಯೀಸ್ಟಿಗೆ, ಬ್ರೆಡ್ಡು ಉಬ್ಬಿಸುವ ಅದೇ ಯೀಸ್ಟಿನ ಸೋದರಸಂಬಂಧಿಗೆ, ಮನುಷ್ಯನ ಒಂದು ಜೀನು ಕೊಟ್ಟು, ತೊಟ್ಟಿಯಲ್ಲಿ ಕೂರಿಸಿ ಸಕ್ಕರೆ ತಿನ್ನಿಸಿದರೆ ಅದು ಮನುಷ್ಯನ ಪ್ರೋಟೀನನ್ನೇ ತಯಾರಿಸಿಕೊಡುತ್ತದಂತೆ. ಚರ್ಮವನ್ನೂ ಕಣ್ಣನ್ನೂ ಹಿಡಿದು ನಿಲ್ಲಿಸುವ ಆ ಪ್ರೋಟೀನು ತಮ್ಮ ಸೂಜಿಮೂತಿಯಿಂದ ಪದರ ಪದರವಾಗಿ ಇಳಿದು, ನೀಲಿ ಬೆಳಕಿನಲ್ಲಿ ಗಟ್ಟಿಯಾಗಿ, ಅಂಗವೆಂಬ ಹೆಸರು ಪಡೆಯುತ್ತದೆ. ಈ ವಿದ್ಯೆಗೆ ನಾನು ಟೋಪಿ ತೆಗೆಯುತ್ತೇನೆ. ಗಾಜಿನ ಕೋಣೆಗೆ ಟೋಪಿ ಹಾಕಿಕೊಂಡು ಬರಲು ಬಿಡುವುದಿಲ್ಲವಾದ್ದರಿಂದ ಹೊರಗೇ ತೆಗೆದಿರುತ್ತೇನೆ.

ಮಂತ್ರಿಗಳು ಬಂದಾಗಲೆಲ್ಲ ತಾವು ಒಂದು ಕಿವಿ ಮುದ್ರಿಸುವುದನ್ನೂ ನೋಡಿದ್ದೇನೆ. ಫೋಟೋದಲ್ಲಿ ಕಿವಿ ಚೆನ್ನಾಗಿ ಬರುತ್ತದೆ. ಮಂತ್ರಿಗಳು ಅದನ್ನು ಕೈಗವಸಿನಲ್ಲಿ ಹಿಡಿದು ನಗುತ್ತಾರೆ. ಅವರು ಹೋದ ಮೇಲೆ ಅದು ಕಸದ ಡಬ್ಬಿ ಸೇರುತ್ತದೆ. ಇಷ್ಟು ಕಿವಿಗಳಿದ್ದೂ ನನ್ನ ಮಾತು ಯಾರಿಗೂ ಕೇಳಿಸಿಲ್ಲವೆಂಬುದೇ ತಮ್ಮ ಸಂಸ್ಥೆಯ ದೊಡ್ಡ ಸಾಧನೆ. ನನಗೆ ಬೇಕಾದದ್ದು ಕಿವಿಯಲ್ಲ. ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಗಾಜು. ಸೋಂಕು ತಗುಲಿ ನನ್ನ ಎಡಗಣ್ಣಿನದು ಮಂಜುಗಟ್ಟಿದೆ, ದಾನದಲ್ಲಿ ಬಂದದ್ದನ್ನು ನನ್ನ ಮೈ ಒಪ್ಪಲಿಲ್ಲ, ಬಲಗಣ್ಣೂ ಅದೇ ದಾರಿ ಹಿಡಿದಿದೆ. ಬರುವ ಚಳಿಗಾಲದ ಹೊತ್ತಿಗೆ ಪತ್ರಿಕೆ ಓದುವುದು ಕಷ್ಟವಾದೀತೆಂದು ವೈದ್ಯರು ಹೇಳಿದ್ದಾರೆ. ಜೀವಮಾನವಿಡೀ ಪತ್ರಿಕೆ ಅಚ್ಚು ಹಾಕಿದವನಿಗೆ ಫೋನಿನೊಳಗಿನ ಹೆಂಗಸೊಬ್ಬಳು ತಲೆಬರಹ ಓದಿ ಹೇಳುವುದೆಂದರೆ ಹೇಗಿರುತ್ತದೆಂದು, ತಾವೂ ಮುದ್ರಕರು, ತಾವೇ ಊಹಿಸಿ. ತೀರಾ ಕೆಟ್ಟ ಸುದ್ದಿಯನ್ನೂ ಆಕೆ ಹವಾಮಾನದ ದನಿಯಲ್ಲೇ ಓದುತ್ತಾಳೆ.

ಈ ವಸಂತದಲ್ಲಿ ತಾವು ಕೊನೆಗೂ ಒಂದು ಕಾರ್ನಿಯಾವನ್ನು ಸರಿಯಾಗಿ ಮುದ್ರಿಸಿದಿರಿ. ಅದಕ್ಕೂ ಮುಂಚಿನವು ಹಾಲಿನ ಕೆನೆಯಂತಿದ್ದವು, ಹರಿದವು, ಸೊಟ್ಟಗಾದವು. ಇದೊಂದು ಮಾತ್ರ ಇಬ್ಬನಿಯ ಹನಿಯಷ್ಟು ತಿಳಿ. ತಟ್ಟೆಯ ಗುಲಾಬಿ ದ್ರವದಲ್ಲಿ ಅದು ಇದೆಯೋ ಇಲ್ಲವೋ ಎಂದೇ ಗೊತ್ತಾಗಲಿಲ್ಲ. ನನ್ನ ಜೊತೆ ಪ್ರಯೋಗಕ್ಕೆ ಹೆಸರು ಕೊಟ್ಟಿರುವ ಗುನ್‌ವೊರ್, ಟ್ರಾಮ್ ಓಡಿಸಿ ನಿವೃತ್ತಳಾದವಳು, ಅವಳಿಗೂ ನನ್ನಷ್ಟೇ ಮಂಜು. ನಾವಿಬ್ಬರೂ ಅದಕ್ಕೆ ಸಮಾನ ಅರ್ಹರೆಂದು ನೀತಿ ಸಮಿತಿ ಹೇಳಿತು. ತಮ್ಮ ಒಡೆಯ ಪ್ರೊಫೆಸರ್ ಯೋರಾನ್ ಕೈ ಉಜ್ಜಿಕೊಂಡು, “ನಾನು ಒಬ್ಬರ ಮೇಲೆ ಬೆರಳು ತೋರಿಸೋದು ಚೆನ್ನಾಗಿರಲ್ಲ, ನೀವೇ ಮಾತಾಡ್ಕೊಂಡು ಹೇಳಿ” ಎಂದ.

ಇಲ್ಲಿ ತಾವು, ಹೊರದೇಶದ ಬಿಡಿಭಾಗಗಳಿಂದ ಕೂಡಿದವರಾದ್ದರಿಂದ, ನಮ್ಮ ಜನರ ಒಂದು ಗುಣವನ್ನು ಅರಿತಿರಬೇಕು. ಕಾಫಿಯ ಜೊತೆ ಕೇಕು ಇಟ್ಟರೆ ನಾವು ಕೊನೆಯ ತುಂಡನ್ನು ಇಡಿಯಾಗಿ ತೆಗೆದುಕೊಳ್ಳುವುದಿಲ್ಲ. ಅದರಲ್ಲಿ ಅರ್ಧ ಕೊಯ್ದುಕೊಳ್ಳುತ್ತೇವೆ, ಮುಂದಿನವನು ಉಳಿದದ್ದರ ಅರ್ಧ, ಅವನ ನಂತರದವಳು ಅದರ ಅರ್ಧ. ಕಡೆಗೆ ಬೆಳಕು ಹಾಯುವಷ್ಟು ತೆಳ್ಳನೆಯ ಒಂದು ಹೋಳು ತಟ್ಟೆಯಲ್ಲಿ ನಿಂತಿರುತ್ತದೆ, ಅದರ ಸುತ್ತ ಹಸಿದ ಸಭ್ಯರು ಕೂತಿರುತ್ತಾರೆ. ಡಾಗ್ನಿ ತೀರಿಕೊಂಡ ವಾರ ನಮ್ಮ ಫ್ರಿಜ್ಜಿನಲ್ಲೂ ಅಂಥದೊಂದು ಹೋಳಿತ್ತು. ಅವಳು ನನಗೆಂದು ಬಿಟ್ಟಿದ್ದಳು, ನಾನು ಅವಳಿಗೆಂದು ಬಿಟ್ಟಿದ್ದೆ.

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ನಾನೂ ಗುನ್‌ವೊರಳೂ ಕೂತೆವು. “ಏ ಎವೆರ್ಟ್, ನೀನೇ ಹಾಕಿಸ್ಕೊಳ್ಳೋ, ನಂಗೇನು ಅವಸರ?” ಎಂದಳು, ಕಾಫಿಯನ್ನು ಲೋಟದ ಪಕ್ಕಕ್ಕೆ ಸುರಿಯುತ್ತಾ. “ಅವಸರ ಇಲ್ವಂತೆ! ಟೇಬಲ್ಲಿಗೆ ಕಾಫಿ ಕುಡಿಸ್ತಿದ್ದೀಯಲ್ಲೇ. ನಿಂದೇ ಮೊದ್ಲಾಗ್ಲಿ” ಎಂದೆ. “ನಿಂಗೆ ಪೇಪರ್ ಓದ್ಬೇಕು.” “ನಿಂಗೆ ಮೊಮ್ಮಗಳ ಮುಖ ನೋಡ್ಬೇಕು.” “ಅವ್ಳ ಮುಖ ಎಲ್ಲಿಗೂ ಓಡ್‌ಹೋಗಲ್ಲ ಬಿಡೋ.” ಮರುದಿನವೂ ಇದೇ, ಅದರ ಮರುದಿನವೂ ಇದೇ. ಮನಸ್ಸಿನೊಳಗೆ ನಾನು, ‘ಇನ್ನೊಂದು ಸಲ ಹೇಳು ಗುನ್‌ವೊರ್, ಒಂದೇ ಸಲ, ಒಪ್ಪಿಕೊಂಡುಬಿಡುತ್ತೇನೆ’ ಎಂದು ಬೇಡುತ್ತಿದ್ದೆ. ಅವಳೂ ಅದನ್ನೇ ಬೇಡುತ್ತಿದ್ದಳೆಂದು ಆಮೇಲೆ ಗೊತ್ತಾಯಿತು. ಶುಕ್ರವಾರ ಕಾರ್ನಿಯಾದ ವಾಯಿದೆ ತೀರಿತು.

ವಾಯಿದೆ ತೀರಿದ್ದನ್ನು ಕಣ್ಣಿಗೆ ಹೊಲಿಯುವಂತಿಲ್ಲ, ಆದರೆ ಎಸೆಯಲು ಯಾರಿಗೆ ಮನಸ್ಸು ಬರುತ್ತದೆ? “ಎಷ್ಟು ಗಟ್ಟಿ ಇದೆ ಅಂತ ಜಗ್ಗಿ ನೋಡೋಕೆ ಅರ್ಧ ತಗೊಳ್ಳೋಣ್ವಾ, ಯಾರ್ದೂ ಅಭ್ಯಂತರ ಇಲ್ಲ ತಾನೇ?” ಎಂದ ಯೋರಾನ್. ಬೆಳಕು ಎಷ್ಟು ಹಾಯುತ್ತದೆಂದು ಅಳೆಯುವ ವಿಭಾಗದವರು ಉಳಿದ ಅರ್ಧದಲ್ಲಿ ಅರ್ಧ ಕೊಂಡೊಯ್ದರು. ಪ್ರಚಾರ ವಿಭಾಗದವರು ಫೋಟೋಕ್ಕೆಂದು ಅದರ ಅರ್ಧ. ತಮ್ಮ ಜೀವಮಾನದ ಶ್ರೇಷ್ಠ ಕೃತಿ ಈಗ ತಟ್ಟೆಯಲ್ಲಿ ಉಗುರಿನ ಚೂರಿನಷ್ಟು ಉಳಿದಿದೆ, ಅದನ್ನು ಮುಗಿಸುವ ಧೈರ್ಯ ಯಾವ ವಿಭಾಗಕ್ಕೂ ಇಲ್ಲ. ಎಂಥ ಸಭ್ಯತೆ! ಇಂಥ ಸಭ್ಯರ ನಡುವೆ ಕುರುಡನಾಗುವುದೂ ಒಂದು ಭಾಗ್ಯವೇ.

ಕಳೆದ ಬುಧವಾರ ಇದನ್ನೆಲ್ಲ ‘ಅಮೂಲ್ಯ ಕಲಿಕೆ’ ಎಂದು ಹೆಸರಿಟ್ಟು ಸಂಭ್ರಮಿಸಲಾಯಿತು. ಹಸಿರು ಮಾರ್ಜಿಪಾನ್, ಅಂದರೆ ಸಿಹಿ ಬಾದಾಮಿ ಹಿಟ್ಟಿನ ಪದರ ಹೊದಿಸಿದ, ಒಳಗೆ ಕೆನೆ ತುಂಬಿದ ಕೇಕು ಬಂತು. ಈ ಪ್ರಯೋಗದಲ್ಲಿ ನಾನು ತಿಂದ ಕೇಕುಗಳನ್ನು ಕಣ್ಣಿಗೆ ಹಾಕಿಸಿಕೊಳ್ಳುವಂತಿದ್ದರೆ ಇಷ್ಟು ಹೊತ್ತಿಗೆ ಹದ್ದಿನ ದೃಷ್ಟಿ ಬಂದಿರುತ್ತಿತ್ತು. ಭಾಷಣ ಮುಗಿಯಿತು, ಕೊನೆಯ ತುಂಡು ಉಳಿಯಿತು, ಯೋರಾನ್ ಚಾಕು ಹಿಡಿದು ಅರ್ಧಕ್ಕೆ ಗುರಿಯಿಟ್ಟ. ಆಗ ನಾನು ಕೈ ಚಾಚಿ, ತಡಕಾಡಿ, ತಟ್ಟೆಯ ಸಮೇತ ಎಳೆದುಕೊಂಡು ಇಡೀ ತುಂಡನ್ನು ತಿಂದೆ. ಎಲ್ಲರ ಎದುರಿಗೆ. “ಎವೆರ್ಟ್... ನಿಂಗೆ... ಮೈ ಸರಿ ಇದೆಯಾ?” ಎಂದ ಯೋರಾನ್. “ಇದೆ. ಮುಂದಿನ ಕಾರ್ನಿಯಾ ನಂಗೆ ಬೇಕು” ಎಂದೆ, ಬಾಯಲ್ಲಿ ಕೆನೆಯಿಟ್ಟುಕೊಂಡೇ.

ಆದ್ದರಿಂದ ಮಹಾಶಯರೇ, ತಮ್ಮಲ್ಲಿ ಸವಿನಯ ವಿನಂತಿ. ಮುಂದಿನ ಸಲದ ಶಾಯಿಯಲ್ಲಿ ಪ್ರೋಟೀನಿನ ಜೊತೆ ಒಂದು ತೊಟ್ಟು ನಾಚಿಕೆಗೇಡಿತನವನ್ನೂ ಬೆರೆಸಿ. ಯೀಸ್ಟಿಗೆ ಅದನ್ನು ಕಲಿಸುವುದು ನಮಗೆ ಕಲಿಸುವಷ್ಟು ಕಷ್ಟವಾಗಲಾರದು. ಬಿಡುವಾದಾಗ ಯೋರಾನ್‌ಗೆ ಬೇಕಾಗಿರುವ ಬೆನ್ನುಮೂಳೆಯೊಂದನ್ನು, ನೀತಿ ಸಮಿತಿಗೆ ಹಂಚಿಕೊಳ್ಳಲು ಒಂದು ತೋರುಬೆರಳನ್ನು ಮುದ್ರಿಸಿಕೊಡಿ. ಮಂತ್ರಿಗಳ ಪಾಲಿನ ಕಿವಿಗಳಲ್ಲಿ ಒಂದನ್ನಾದರೂ ಕೇಳುವ ಹಾಗೆ ಮಾಡಿ. ಮತ್ತು, ಇದೆಲ್ಲ ಅಸಾಧ್ಯವೆಂದಾದರೆ, ಚಳಿಗಾಲಕ್ಕೆ ಮುಂಚೆ ಬರೀ ಆ ಚಿಕ್ಕ ಗಾಜನ್ನು.

ಬಲಗಣ್ಣು ಇರುವ ತನಕ ತಮ್ಮ ವಿಶ್ವಾಸಿ,
ಎವೆರ್ಟ್ ಸಾಂಡ್‌ಕ್ಲೆಫ್

ಮರೆತಿದ್ದ ಮಾತು: ಈ ಪತ್ರವನ್ನು ನನಗಾಗಿ ಟೈಪು ಮಾಡುತ್ತಿರುವ ನೆರೆಮನೆಯವಳು ಅಷ್ಟರಲ್ಲೇ ಒಂದು ಸುದ್ದಿ ತಂದಿದ್ದಾಳೆ. ನಾನು ಕೇಕು ತಿಂದ ಮರುದಿನ ಬೆಳಿಗ್ಗೆಯೇ ಗುನ್‌ವೊರ್ ತಮ್ಮ ಪ್ರಯೋಗಾಲಯಕ್ಕೆ ಫೋನ್ ಮಾಡಿ, “ಆ ಎವೆರ್ಟ್ ಕೇಕು ತಿಂದಾಯ್ತಲ್ಲ, ಮುಂದಿನ ಕಣ್ಣು ನಂದು” ಎಂದಳಂತೆ. ಇಷ್ಟು ಬೇಗ ಕಲಿಯುತ್ತಾಳೆಂದು ತಿಳಿದಿದ್ದರೆ ಬಾಗಿಲು ಹಾಕಿಕೊಂಡು ತಿನ್ನುತ್ತಿದ್ದೆ. ಈಗ ತಾವು ಎರಡು ಮುದ್ರಿಸಲೇಬೇಕು. ಒಂದೇ ಮುದ್ರಿಸಿದರೆ, ಮಂಜುಗಣ್ಣಿನ ಇಬ್ಬರು ಮುದುಕರು ತಮ್ಮ ಧೂಳಿಲ್ಲದ ಕೋಣೆಯಲ್ಲಿ ಜುಟ್ಟು ಹಿಡಿದು ಹೊಡೆದಾಡುವುದನ್ನು ತಾವೇ ನೋಡಬೇಕಾಗುತ್ತದೆ, ಮತ್ತು ನಮ್ಮಿಬ್ಬರಲ್ಲಿ ಯಾರೂ ಅರ್ಧಕ್ಕೆ ಒಪ್ಪುವುದಿಲ್ಲ.