ಅತ್ತೆಯ ಜಾಡಿಯಲ್ಲಿ ಕಬ್ಬಿನ ಬೆಂಕಿ

ಸಂಕ್ರಾಂತಿ ಕಳೆದ ಮಾರನೆಯ ದಿನ ಭೋಜರಾಯರು ಶಪಥ ಮಾಡಿಬಿಟ್ಟರು. "ಈ ಮನೆಯಲ್ಲಿ ಗ್ಯಾಸ್ ಸಿಲಿಂಡರಿನ ಕಾಲ ಮುಗೀತು! ಕಬ್ಬು ಅಂದ್ರೆ ಏನಂದ್ಕೊಂಡೆ ಅಂಬುಜಾ? ಅದೂ ಒಂದು ಹುಲ್ಲೇ. ಹುಲ್ಲಿನಲ್ಲಿ ಬೆಂಕಿ ಇದೆ."

"ಅದು ನಂಗೂ ಗೊತ್ತು. ಕಡ್ಡಿ ಗೀರಿದ್ರೆ ಸಾಕು," ಎಂದರು ಹೆಂಡತಿ, ಸೊಪ್ಪು ಬಿಡಿಸುತ್ತಾ.

ಇಂಥ ಮಾತಿಗೆಲ್ಲ ಜಗ್ಗುವ ಆಸಾಮಿಯೇ ರಾಯರು? ಇನ್ಶೂರೆನ್ಸ್ ಆಫೀಸಿನಿಂದ ರಿಟೈರ್ ಆದಾಗಿನಿಂದ ಲೋಕೋದ್ಧಾರಕ್ಕೆ ಕೈ ತುರಿಸುತ್ತಲೇ ಇತ್ತು. ಪೊಂಗಲ್ ಮುಗಿಸಿ ತಮ್ಮ ಬಡಾವಣೆ ವೆಸ್ಟ್ ಮಾಂಬಲಂನ ಜನ ಬೀದಿಗಿಟ್ಟ ಕಬ್ಬನ್ನೆಲ್ಲ ಹೊತ್ತು ತಂದರು. ಮಿಕ್ಸಿ ನರಳುವಂತೆ ರುಬ್ಬಿ, ರಸ ಹಿಂಡಿ, ಬೇಕರಿಯ ಈಸ್ಟ್ ಬೆರೆಸಿ, ಅತ್ತೆಯವರ ಕಾಲದ ಉಪ್ಪಿನಕಾಯಿ ಜಾಡಿಗೆ ತುಂಬಿ ಬಾಯಿ ಬಿಗಿದರು. ಹುಳಿ ಬಂದ ಮೇಲೆ ಕುದಿಸಿ, ಆವಿ ಹಿಡಿದು ಹನಿ ಇಳಿಸಿದರೆ ಇಂಧನ!

"ಅದು ನಮ್ಮಮ್ಮನ ಜಾಡಿ ರೀ."

"ಇದರ ಉರಿಯಲ್ಲೇ ನಿನಗೆ ಕಾಫಿ ಕಾಯಿಸಿ ಕೊಡ್ತೀನಿ. ಆಗದಿದ್ರೆ ಇನ್ನು ನಿನ್ನ ಅಡಿಗೆಮನೆಗೆ ಕಾಲಿಡೋಲ್ಲ."

"ದೇವರಿಗೆ ಕೈ ಮುಗೀತೀನಿ," ಎಂದರು ಅಂಬುಜಾ. ಏನಾಗಲಿ ಅಂತ ಮಾತ್ರ ಹೇಳಲಿಲ್ಲ.

ಎರಡು ದಿನಕ್ಕೆ ಜಾಡಿ ಮಾತಾಡತೊಡಗಿತು. ಗುಳುಗುಳು. ಇಬ್ಬರೂ ಕಿವಿ ಹಚ್ಚಿ ಕೂತರು. ಬೀದಿಯ ಹಸು ಮೂಸಿ ಬಿಟ್ಟ ಕಬ್ಬು ಇಲ್ಲಿ ಉಸಿರಾಡುತ್ತಿದೆ! ಯಾವ ಗದ್ದೆಯ ಬಿಸಿಲೋ ಏನೋ, ಈ ಕತ್ತಲೆಯಲ್ಲಿ ಕೂತು ಬೆಂಕಿಯಾಗಲು ಹೊರಟಿದೆ. ಭೋಜರಾಯರ ಮೈ ಜುಮ್ಮೆಂದಿತು. ಅಂಬುಜಾ ಕೂಡ "ಅಬ್ಬಾ" ಎಂದುಬಿಟ್ಟರು.

ಶಿವರಾತ್ರಿ ಕಳೆದ ಭಾನುವಾರ ಪ್ರಯೋಗ. ಕೆಳಗಿನ ಮನೆಯ ಹೋಟೆಲ್ ಸದಾನಂದರೂ ನೋಡಲು ಬಂದರು. ಕುಕ್ಕರಿನಿಂದ ಹನಿಹನಿಯಾಗಿ ಇಂಧನ ಇಳಿಯಿತು. ಕುದಿಸಿದ್ದು ಗ್ಯಾಸಿನ ಮೇಲೆಯೇ, ಆ ಮಾತು ಬೇಡ. ಭೋಜರಾಯರು ಕಡ್ಡಿ ಗೀರಿ ಹಿಡಿದರು. ಚುಯ್ ಎಂದು ಆರಿತು. ಇನ್ನೊಂದು. ಅದೂ ಚುಯ್. ಪೊಟ್ಟಣವೇ ಖಾಲಿಯಾಯಿತು.

ಸದಾನಂದರು ಮೂಸಿ ನೋಡಿದರು. "ಎಂತ ಮಾರಾಯ್ರೇ, ಇದು ವಿನೆಗರ್ ಅಲ್ವಾ? ಗಾಳಿ ಆಡಿದ್ರೆ ಹೀಗೇ ಆಗೋದು."

"ಗಾಳಿಯೇ? ಬಿಗಿಯಾಗಿ ಕಟ್ಟಿದ್ದೆನಲ್ಲ!"

ಅಂಬುಜಾ ಸೆರಗು ಸರಿಮಾಡಿಕೊಂಡರು. "ನೀವು ವಾಕಿಂಗ್ ಹೋದಾಗ ದಿನಾ ಬಿಚ್ಚಿ, ಬಿಸಿಲಿಗಿಟ್ಟು, ಒಣ ಸೌಟಲ್ಲಿ ಕೈಯಾಡಿಸ್ತಿದ್ದೆ. ಮೇಲೆ ತೆಳು ಬಟ್ಟೆ ಕಟ್ಟಿಡ್ತಿದ್ದೆ. ಉಪ್ಪಿನಕಾಯಿ ಜಾಡಿ ಅಲ್ವಾ, ಹಾಗೇ ಬಿಟ್ರೆ ಬೂಷ್ಟು ಬರುತ್ತೆ."

ಕೊಟ್ಟ ಮಾತಿನಂತೆ ಭೋಜರಾಯರು ಅಡಿಗೆಮನೆಯಿಂದ ಹೊರಬಿದ್ದರು. ಜಾಡಿಯಲ್ಲಿ ಉಳಿದಿದ್ದಕ್ಕೆ ಅಂಬುಜಾ ಉಪ್ಪು, ಹಸಿಮೆಣಸಿನಕಾಯಿ ಸುರಿದರು. ವಾರದ ಮೇಲೆ ಮೊಸರನ್ನದ ಜೊತೆ ಒಂದನ್ನು ಕಚ್ಚಿದ್ದೇ ತಡ, ರಾಯರ ಮುಖ ಕೆಂಡವಾಯಿತು, ಕಣ್ಣಲ್ಲಿ ಕಾವೇರಿ ಹರಿಯಿತು.

"ಹೇಳಿರಲಿಲ್ವೇನೇ," ಎಂದರು ಹಾ ಹಾ ಎನ್ನುತ್ತಲೇ, "ಕಬ್ಬಿನಲ್ಲಿ ಬೆಂಕಿ ಇದೆ!"

ಅಂಬುಜಾ ಒಳಗಿನಿಂದ ಹಾಲಿನ ಪಾತ್ರೆ ತಂದು ಅವರ ತಲೆಯ ಮೇಲೆ ಹಿಡಿದರು.

"ಅಲ್ಲಾಡಬೇಡಿ. ಕಾಫಿ ಕಾಯಿಸ್ಕೋತೀನಿ."