ದಿವಾನನ ಮೇಲೆ ದೂರಿಲ್ಲ

ಗಜಾನನನ ಮಾತು ಕೇಳುವವರು ಯಾರೂ ಇರಲಿಲ್ಲ. ಕೊಪ್ಪದ ಒಂದು ಸೊಸೈಟಿಯಲ್ಲಿ ಅವನು ಹನ್ನೊಂದು ವರ್ಷದಿಂದ ಗುಮಾಸ್ತ. ಅಲ್ಲಿ ‘ಸಾಲಾಗಿ ಬನ್ನಿ’ ಎಂದರೆ ಜನ ನೊಣಗಳ ಹಾಗೆ ಕೌಂಟರಿಗೆ ಮುತ್ತಿಕೊಳ್ಳುತ್ತಿದ್ದರು. ಮನೆಯಲ್ಲಿ ‘ಟೀವಿ ಸಣ್ಣ ಮಾಡು’ ಎಂದರೆ ಹೆಂಡತಿ ಸುಬ್ಬಲಕ್ಷ್ಮಿ ಅವನಿದ್ದ ಕೋಣೆಯ ಬಾಗಿಲು ಹಾಕಿ ಬರುತ್ತಿದ್ದಳು.

ಎರಡು ವರ್ಷದ ಹಿಂದೆ ಕೆರೆಕಟ್ಟೆ ಊರಿನ ಭಾವಮೈದ ಯಜ್ಞೇಶ ಒಂದು ಕಂದು ನಾಯಿಯನ್ನು ತಂದು ಬಿಟ್ಟ. “ನಮ್ಮ ತೋಟದಲ್ಲಿ ಇದಕ್ಕೀಗ ಕೆಲಸ ಇಲ್ಲ ಭಾವ” ಎಂದಷ್ಟೇ ಹೇಳಿ ಸಂಜೆ ಬಸ್ಸಿಗೆ ಓಡಿದ. ಗಜಾನನ ಸುಮ್ಮನೆ ‘ಕೂತ್ಕೋ’ ಎಂದ. ನಾಯಿ ಕೂತಿತು. ಅವನು ಹಿಂದೆ ತಿರುಗಿ ನೋಡಿದ, ಬೇರೆ ಯಾರಾದರೂ ಹೇಳಿದರೋ ಎಂದು. ಯಾರೂ ಇರಲಿಲ್ಲ. ‘ಏಳು’ ಎಂದ. ಎದ್ದಿತು. ಅವತ್ತೇ ಅದಕ್ಕೆ ದಿವಾನ ಎಂದು ಹೆಸರಿಟ್ಟ.

ತೊಂದರೆ ಒಂದೇ. ಬೆಳಿಗ್ಗೆ ಏಳಕ್ಕೆ, ಮನೆಯ ಹಿಂದಿರುವ ಶಾಲೆಯ ಮೈದಾನದಲ್ಲಿ ಡ್ರಿಲ್ ಮಾಸ್ತರರ ಸೀಟಿ ಶುರುವಾಗುವ ಹೊತ್ತಿಗೆ, ಪಕ್ಕದ ಮನೆಯ ಕಲ್ಲೇಶಪ್ಪ ಕಾಫಿ ಲೋಟ ಹಿಡಿದು ತಾರಸಿ ಮೇಲೆ ಕೂರುತ್ತಿದ್ದರು. ದಿವಾನ ಅವರ ಗೋಡೆಯ ಬುಡಕ್ಕೆ ಹೋಗಿ, ಕತ್ತೆತ್ತಿ, ಅವರನ್ನೇ ನೋಡುತ್ತ ಅರ್ಧ ಗಂಟೆ ಬೊಗಳುತ್ತಿತ್ತು.

“ಸೀತೂರಿನ ತೋಟಕ್ಕೆ ಹೋದ್ರೆ ಮಂಗ, ಮನೆಗೆ ಬಂದ್ರೆ ನಿನ್ನ ನಾಯಿ” ಎಂದು ಕಲ್ಲೇಶಪ್ಪ ಒಂದು ದಿನ ಬೇಲಿಯ ಹತ್ತಿರ ನಿಂತು ಹೇಳಿದರು. “ನಾನು ಕಾಫಿ ಎಲ್ಲಿ ಕುಡಿಯೋದು, ನೀನೇ ಹೇಳು ಮಾರಾಯ.”

“ಅದಕ್ಕೆ ನಿಮ್ಮ ಮುಖ ಹಿಡಿಸ್ಲಿಲ್ಲ ಕಾಣ್ತದೆ ಕಲ್ಲೇಶಪ್ಪೋರೆ” ಎಂದ ಗಜಾನನ. ನಿಜವೇ ಇರಬಹುದು ಎಂದು ಅವನಿಗೂ ಅನ್ನಿಸಿತ್ತು.

ಮುಂದಿನ ವಾರ ಪಟ್ಟಣ ಪಂಚಾಯಿತಿಗೆ ಕೊಡಲು ಕಲ್ಲೇಶಪ್ಪನವರ ಅರ್ಜಿ ಸಿದ್ಧವಾಯಿತು. ಹನ್ನೊಂದು ಮನೆಯ ಸಹಿ. ಅಶಿಸ್ತಿನ ನಾಯಿಯನ್ನು ಕೇರಿಯಿಂದ ಹೊರಗೆ ಹಾಕಬೇಕು ಎಂಬುದು ಅದರ ಸಾರ. ಗಜಾನನನಿಗೆ ಬೇರೆ ಯಾವ ಮಾತಾದರೂ ನುಂಗಲು ಬರುತ್ತಿತ್ತು, ‘ಅಶಿಸ್ತು’ ಎಂಬುದು ಗಂಟಲಲ್ಲಿ ನಿಂತಿತು.

“ಭಾನುವಾರ ಕೇರಿಯವರೆಲ್ಲ ಬೀಚಿಗೆ ಹೋಗ್ತಿದ್ದೀವಲ್ಲ” ಎಂದ ಕಲ್ಲೇಶಪ್ಪನವರಿಗೆ. “ದಿವಾನನೂ ಬರ್ತದೆ. ಸಾವಿರ ಜನರ ನಡುವೆ ಇಡೀ ದಿನ ಇರ್ತದೆ. ಅದರ ಮೇಲೆ ಒಂದೇ ಒಂದು ದೂರು ಬಂದ್ರೆ ನಾನೇ ಕೆರೆಕಟ್ಟೆಗೆ ವಾಪಸ್ ಬಿಟ್ಟು ಬರ್ತೀನಿ. ಬರದಿದ್ರೆ ಅರ್ಜಿ ಹರೀಬೇಕು.”

ಎದುರು ಮನೆಯ ನಿವೃತ್ತ ನರ್ಸ್ ಅನ್ನಮ್ಮ ತೀರ್ಪುಗಾರ್ತಿ ಎಂದಾಯಿತು. ಕೇರಿಯಲ್ಲಿ ಎಲ್ಲರಿಗೂ ಒಂದಲ್ಲ ಒಂದು ಕಾಲದಲ್ಲಿ ಸೂಜಿ ಚುಚ್ಚಿದ್ದರಿಂದ ಅವರ ಎದುರು ಯಾರೂ ಮಾತಾಡುತ್ತಿರಲಿಲ್ಲ.

ಗಜಾನನ ಮೂರು ರಾತ್ರಿ ಮೊಬೈಲಿನಲ್ಲಿ ಓದಿದ. ಸಮುದ್ರಕ್ಕೆ ನಾಯಿ ಕರೆದೊಯ್ಯುವುದು ಹೇಗೆ ಎಂಬುದರಲ್ಲಿ ಕೊಪ್ಪ ತಾಲೂಕಿಗೇ ತನ್ನಷ್ಟು ತಿಳಿದವರಿಲ್ಲ ಎಂಬ ಹಂತ ತಲುಪಿದ. ಕುಡಿಯುವ ನೀರು ಎರಡು ಕ್ಯಾನು, ಏಕೆಂದರೆ ಉಪ್ಪುನೀರು ಕುಡಿದರೆ ನಾಯಿಗೆ ವಾಂತಿ. ಮೈ ತೊಳೆಯಲು ಬೇರೆ ಕ್ಯಾನು. ನೆರಳಿಗೆ ಕೊಡೆ. ಹೇಲು ಎತ್ತಲು ಕವರುಗಳ ಕಟ್ಟು. ಚುಚ್ಚುಮದ್ದಿನ ಚೀಟಿಗೆ ಪ್ಲಾಸ್ಟಿಕ್ ಹೊದಿಕೆ. ಹೊಸ ಹಗ್ಗ. ಕೊನೆಗೆ ಎರಡು ಕಿಲೋ ಉಪ್ಪು.

“ಸಮುದ್ರಕ್ಕೆ ಉಪ್ಪು ಹೊತ್ಕೊಂಡು ಹೋಗೋದಾ?” ಎಂದಳು ಸುಬ್ಬಲಕ್ಷ್ಮಿ.

“ಇಂಬಳ ಹತ್ತಿದ್ರೆ?”

“ಮರಳಲ್ಲಿ ಎಂತ ಇಂಬಳ? ನನ್ನ ಬಾಣಂತನಕ್ಕೂ ನೀವು ಇಷ್ಟು ತಯಾರಿ ಮಾಡಿರ್ಲಿಲ್ಲ.”

ಉಪ್ಪು ಚೀಲಕ್ಕೆ ಹೋಯಿತು. ಮಲೆನಾಡಿನಲ್ಲಿ ಹುಟ್ಟಿದವನು ಕಾಲಿಡುವ ನೆಲದಲ್ಲೆಲ್ಲ ರಕ್ತ ಹೀರುವ ಇಂಬಳ ಇರುತ್ತದೆ ಎಂದೇ ನಂಬಿರುತ್ತಾನೆ.

ಭಾನುವಾರ ಬೆಳಿಗ್ಗೆ ಐದಕ್ಕೆ ಕೇರಿಯವರನ್ನು ತುಂಬಿಕೊಂಡು ಬಾಡಿಗೆಯ ಟಿಟಿ ವ್ಯಾನು ಹೊರಟಿತು. ಗಜಾನನ ಒಂದು ನೋಟ್‌ಬುಕ್ ತೆರೆದು ‘ದೂರು’ ಎಂದು ತಲೆಬರಹ ಹಾಕಿ ಕೂತ. ಆಗುಂಬೆ ಘಾಟಿಯ ಏಳನೇ ತಿರುವಿನಲ್ಲಿ ಒಬ್ಬರಿಗೆ ವಾಂತಿಯಾಯಿತು. ಅದು ದಿವಾನನಲ್ಲ, ಕಲ್ಲೇಶಪ್ಪ. ಗಜಾನನ ಹೊತ್ತು ನೋಡಿ ಬರೆದುಕೊಂಡ.

“ಅದನ್ನ ಯಾಕೆ ಬರೀತೀಯ?” ಎಂದರು ಕಲ್ಲೇಶಪ್ಪ, ನಿಂಬೆಹಣ್ಣು ಮೂಸುತ್ತ.

“ಹೋಲಿಕೆಗೆ.”

ಎಂಟೂವರೆಗೆ ಸಮುದ್ರ ಕಂಡಿತು. ಉಳಿದವರೆಲ್ಲ ನೀರಿಗೆ ಓಡಿದರು. ಗಜಾನನ ಓಡಲಿಲ್ಲ. ಮೊದಲು ಅಂಗೈ ಹಿಂಭಾಗವನ್ನು ಮರಳಿಗೆ ಒತ್ತಿ ಐದು ಎಣಿಸಿದ, ನಾಯಿಯ ಪಾದಕ್ಕೆ ಬಿಸಿಯಾದೀತೇ ಎಂದು. ಆಗಲಿಲ್ಲ. ಮೀನಿನ ಬಲೆ ಒಣಗಿಸಿದ್ದ ಕಡೆಯಿಂದ ದೂರ ಹೋದ. ಮಕ್ಕಳಿಂದ ದೂರ ಹೋದ. ಚುರುಮುರಿ ಗಾಡಿಯಿಂದ ದೂರ ಹೋದ. ಹೀಗೆ ದೂರ ಹೋಗುತ್ತ ಹೋಗುತ್ತ ಬೀಚಿನ ತುದಿಯಲ್ಲಿ, ಜೀವರಕ್ಷಕನ ಮರದ ಅಟ್ಟಣಿಗೆಯ ಬಳಿ ಕೊಡೆ ನೆಟ್ಟು ಕೂತ. ಅಟ್ಟಣಿಗೆಯ ಮೇಲೆ ಕೆಂಪು ಅಂಗಿಯ ಜಟ್ಟಪ್ಪ ಎಂಬಾತ ಕಾಲು ಇಳಿಬಿಟ್ಟುಕೊಂಡು ಕಡಲು ನೋಡುತ್ತಿದ್ದ.

ದಿವಾನ ಹೇಳಿದಲ್ಲಿ ಕೂತಿತು. ಕೊಟ್ಟ ನೀರು ಕುಡಿಯಿತು. ಅದು ಮಾಡಿದ್ದನ್ನು ಗಜಾನನ ಕವರಿನಲ್ಲಿ ಎತ್ತಿ ಗಂಟು ಹಾಕಿದ. ನೋಡುತ್ತಿದ್ದ ಒಬ್ಬ ಹೆಂಗಸು, “ನಮ್ಮ ಮನುಷ್ಯರಿಗೂ ಇಷ್ಟು ಗೊತ್ತಿದ್ರೆ” ಎಂದರು. ಗಜಾನನ ಅನ್ನಮ್ಮನನ್ನು ಕೂಗಿ ಕರೆದು, ಆ ಮಾತನ್ನು ಇನ್ನೊಮ್ಮೆ ಹೇಳುವಂತೆ ಹೆಂಗಸನ್ನು ಕೇಳಿಕೊಂಡ.

ಹನ್ನೊಂದಕ್ಕೆ ಪುಟದಲ್ಲಿ ಕಲ್ಲೇಶಪ್ಪನವರ ವಾಂತಿ ಬಿಟ್ಟರೆ ಏನೂ ಇರಲಿಲ್ಲ. ಗಜಾನನನ ಎದೆ ಹಪ್ಪಳದ ಹಾಗೆ ಉಬ್ಬಿತ್ತು. ಮರಳು ಕಾಯುತ್ತ ಬಂದಿತ್ತು; ದಿವಾನನ ಪಾದ ತಣ್ಣಗಾಗಲಿ ಎಂದು ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿ ನೀರಿನ ಅಂಚಿಗೆ ನಡೆಸಿದ.

ಒಂದು ಅಲೆ ಬಂದು ಅವನ ಎಡಗಾಲಿನ ಚಪ್ಪಲಿ ಎಳೆದುಕೊಂಡಿತು. ಹಿಡಿಯಲು ಎರಡು ಹೆಜ್ಜೆ ಹಾಕಿದ. ಚಪ್ಪಲಿ ನಾಲ್ಕು ಹೆಜ್ಜೆ ಹೋಯಿತು. ನಾಯಿಯ ವಿಷಯ ಅಷ್ಟು ಓದಿದವನು ಮನುಷ್ಯರಿಗೆಂದು ನೆಟ್ಟಿದ್ದ ಕೆಂಪು ಬಾವುಟವನ್ನು ನೋಡಲಿಲ್ಲ.

ಅಟ್ಟಣಿಗೆಯ ಮೇಲಿಂದ ಜಟ್ಟಪ್ಪ ಸೀಟಿ ಊದಿದ.

ದಿವಾನನ ಕಿವಿ ನೆಟ್ಟಗಾಯಿತು. ಅದು ತಿರುಗಿ ಬಾಣದ ಹಾಗೆ ದಡಕ್ಕೆ ಹಾರಿತು. ಹಗ್ಗದ ತುದಿಯಲ್ಲಿದ್ದ ಗಜಾನನ ನೀರಿಗೆ ಬೋರಲು ಬಿದ್ದ. ಹಗ್ಗ ಬಿಚ್ಚಿತು, ಕನ್ನಡಕ ಹೋಯಿತು. ಅವನು ತಲೆಯೆತ್ತುವಷ್ಟರಲ್ಲಿ ದಿವಾನ ಏಣಿಯ ಬುಡದಲ್ಲಿ ನಿಂತು, ಜಟ್ಟಪ್ಪನನ್ನೇ ನೋಡುತ್ತ ಬೊಗಳುತ್ತಿತ್ತು.

ಇಳಿಯಲು ಏಣಿಗೆ ಕಾಲಿಟ್ಟ ಜಟ್ಟಪ್ಪ ಕಾಲನ್ನು ಮೇಲಕ್ಕೆಳೆದುಕೊಂಡ. “ನಾಯಿ ಹಿಡೀರಿ ಮಾರಾಯ್ರೆ, ನಾನು ಇಳೀಬೇಕು, ಅಲ್ಲೊಬ್ರು ಮುಳುಗ್ತಾ ಇದ್ದಾರೆ.”

“ಮುಳುಗ್ತಿರೋದೇ ನಾಯಿಯ ಯಜಮಾನ” ಎಂದರು ಅನ್ನಮ್ಮ.

ಜಟ್ಟಪ್ಪ ಸಹಾಯಕ್ಕೆಂದು ಮತ್ತೆ ಊದಿದ. ದಿವಾನ ಇನ್ನೂ ಜೋರಾಯಿತು. ಗಜಾನನ ಬಾಯಿಗೆ ಬಂದ ನೀರನ್ನು ಉಗುಳಿ, ಅಲೆಗಳ ನಡುವಿನಿಂದ, “ದಿವಾನಾ, ಕೂತ್ಕೋ” ಎಂದು ಕಿರುಚಿದ. ದಿವಾನ ತಕ್ಷಣ ಕೂತಿತು. ಕೂತು ಬೊಗಳಿತು.

ಕೊನೆಗೆ ಅವನನ್ನು ಉಳಿಸಿದ್ದು ಸಮುದ್ರವೇ. ದೊಡ್ಡದೊಂದು ಅಲೆ, ಅಂಗಡಿಯವನು ಹರಿದ ನೋಟನ್ನು ವಾಪಸ್ ತಳ್ಳುವ ಹಾಗೆ, ಅವನನ್ನು ದಡಕ್ಕೆ ತಳ್ಳಿ ಹೋಯಿತು.

ಎಲ್ಲರೂ ಗಜಾನನನ ಕಡೆ ಓಡಿದರೆ ಕಲ್ಲೇಶಪ್ಪ ಓಡಲಿಲ್ಲ. ಏಣಿಯ ಹತ್ತಿರ ನಿಂತು, ರಾಶಿ ಅಡಿಕೆಗೆ ಬೆಲೆ ಕಟ್ಟುವವರ ಮುಖ ಮಾಡಿಕೊಂಡು ನಾಯಿಯನ್ನು ನೋಡುತ್ತಿದ್ದರು.

“ಒಂಚೂರು ಊದೋದು ನಿಲ್ಸಿ” ಎಂದರು ಜಟ್ಟಪ್ಪನಿಗೆ.

ಸೀಟಿ ನಿಂತಿತು. ದಿವಾನ ಸುಮ್ಮನಾಗಿ ಬಾಲ ಅಲ್ಲಾಡಿಸಿತು.

“ಈಗ ಊದಿ.”

ಬೊಗಳಿತು. ಮೂರು ಸಲ ಹೀಗೇ ಪರೀಕ್ಷೆಯಾಯಿತು. ಕಲ್ಲೇಶಪ್ಪ ಸುಬ್ಬಲಕ್ಷ್ಮಿಯಿಂದ ನಂಬರು ಕೇಳಿ ಕೆರೆಕಟ್ಟೆಗೆ ಫೋನು ಹಚ್ಚಿದರು.

“ಸೀಟಿಗಾ? ಹೌದಲ್ಲ” ಎಂದ ಯಜ್ಞೇಶ ಆ ಕಡೆಯಿಂದ. “ಮಂಗ ಓಡಿಸ್ಲಿಕ್ಕೆ ಕಲಿಸಿದ್ದು. ಸೀಟಿ ಊದಿದ್ರೆ ಎತ್ತರದಲ್ಲಿ ಯಾರಿದ್ದಾರೆ ನೋಡಿ, ಬುಡಕ್ಕೆ ಹೋಗಿ ನಿಲ್ತದೆ. ಒಂದೇ ವರ್ಷಕ್ಕೆ ನಮ್ಮಲ್ಲಿ ಮಂಗ ಖಾಲಿ. ಕೆಲಸ ಇಲ್ಲದೆ ಬೇಜಾರು ಮಾಡ್ಕೊಂಡಿತ್ತು, ಕೊಟ್ಟೆ. ಭಾವಂಗೆ ಗೊತ್ತಿಲ್ವಾ?”

ಭಾವನಿಗೆ ಗೊತ್ತಿರಲಿಲ್ಲ. ಅವನಾಗ ಮರಳಿನ ಮೇಲೆ ಉಪ್ಪಿನ ಚೀಲಕ್ಕೆ ಒರಗಿ ಕೆಮ್ಮುತ್ತಿದ್ದ. ಚೀಲ ಒದ್ದೆಯಾಗಿ ಉಪ್ಪು ಕರಗಿ ಬಂದಲ್ಲಿಗೇ ಹೋಗುತ್ತಿತ್ತು. ಕೆಳಗಿಳಿದ ಜಟ್ಟಪ್ಪ ದಪ್ಪನೆಯ ಪುಸ್ತಕ ತೆರೆದು ಪೆನ್ನು ಹಿಡಿದು ಬಂದ. ಗಜಾನನನಿಗೆ ಕಾಣುತ್ತಿದ್ದದ್ದು ಒಂದು ಕೆಂಪು ಮಬ್ಬು ಮಾತ್ರ. ಅದು ದೂರು ಬರೆದುಬಿಟ್ಟರೆ ದಿವಾನ ಕೆರೆಕಟ್ಟೆಗೆ.

“ನಾಯಿ ಮೇಲೆ ಬರೀಬೇಡಿ” ಎಂದು ಒಂದು ದನಿ ಕೇಳಿತು. ಅದು ಕಲ್ಲೇಶಪ್ಪನವರದು. “ಕಚ್ಚಿತಾ? ಇಲ್ಲ. ಪರಚಿತಾ? ಇಲ್ಲ. ಕೂತ್ಕೋ ಅಂದ್ರೆ ಕೂತಿತು. ಇಂಥ ನಾಯಿ ಮೂರು ತಾಲೂಕಲ್ಲಿಲ್ಲ ಸ್ವಾಮಿ.”

ಜಟ್ಟಪ್ಪ ಯೋಚಿಸಿದ. “ಹೌದು, ನಾಯಿ ಮೇಲೆ ದೂರಿಲ್ಲ. ಬಾವುಟ ದಾಟಿದ್ದಕ್ಕೆ ಇವರ ಹೆಸರು ಬರೀಲೇಬೇಕು.”

“ಅವನದ್ದು ಬರೀರಿ, ಧಾರಾಳವಾಗಿ” ಎಂದರು ಕಲ್ಲೇಶಪ್ಪ.

ಅನ್ನಮ್ಮ ತೀರ್ಪು ಕೊಟ್ಟರು. ಕಲ್ಲೇಶಪ್ಪ ತಾವೇ ಜೇಬಿನಿಂದ ಅರ್ಜಿ ತೆಗೆದು ನಾಲ್ಕು ಚೂರು ಮಾಡಿದರು. ಆ ಚೂರುಗಳನ್ನೂ ಗಜಾನನ ಹೆಕ್ಕಿ ಕವರಿಗೆ ಹಾಕಿದ, ಬೀಚು ಗಲೀಜಾಗಬಾರದಲ್ಲ. ಆಮೇಲೆ ದಿವಾನನಿಗೆ ಸಿಹಿನೀರು ಹೊಯ್ದು, ಬೆರಳ ಸಂದಿಯ ಮರಳು ತೆಗೆದು, ಒರೆಸಿ ಗಾಡಿ ಹತ್ತಿಸಿದ.

ವಾಪಸ್ ಬರುವಾಗ ಅವನು ಟಿಟಿಯ ನಡುವೆ ಕಂಬಿ ಹಿಡಿದು ನಿಂತು ಭಾಷಣ ಮಾಡಿದ. ಹೆಬ್ರಿಯಿಂದ ಆಗುಂಬೆಯವರೆಗೆ ಶಿಸ್ತಿನ ಬಗ್ಗೆ, ಆಗುಂಬೆಯಿಂದ ಹರಿಹರಪುರದವರೆಗೆ ಜವಾಬ್ದಾರಿಯ ಬಗ್ಗೆ. ಆಶ್ಚರ್ಯವೆಂದರೆ ಎಲ್ಲರೂ ಕೇಳಿದರು. ಸುಬ್ಬಲಕ್ಷ್ಮಿಯೂ ಕೇಳಿದಳು. ಎಲ್ಲರಿಗಿಂತ ಹೆಚ್ಚು ತಲೆದೂಗಿದವರು ಕಲ್ಲೇಶಪ್ಪ. ಹುರುಪಿನಲ್ಲಿ ಗಜಾನನನ ಬಾಯಿಂದ ಒಂದು ಮಾತು ಬಂತು: “ದಿವಾನ ಇನ್ನು ನನ್ನೊಬ್ಬನ ನಾಯಿ ಅಲ್ಲ. ಇಡೀ ಕೇರಿಯ ನಾಯಿ. ಯಾರಿಗೆ ಬೇಕಾದ್ರೂ ಆಗಿಬರ್ತದೆ.”

ಚಪ್ಪಾಳೆ ಬಿತ್ತು. ಕಲ್ಲೇಶಪ್ಪನವರದು ಕೊನೆಗೆ ನಿಂತಿತು.

ಸಂಜೆ ಆರಕ್ಕೆ ಕೇರಿಯಲ್ಲಿ ಇಳಿದರು. ಗಜಾನನ ಕ್ಯಾನು ಇಳಿಸಿ ತಿರುಗುವಷ್ಟರಲ್ಲಿ ಹಗ್ಗ ಕಲ್ಲೇಶಪ್ಪನವರ ಕೈಯಲ್ಲಿತ್ತು.

“ನಾಳೆ ಬೆಳಿಗ್ಗೆ ಜೀಪಲ್ಲಿ ಸೀತೂರಿಗೆ ಕರ್ಕೊಂಡು ಹೋಗ್ತೀನಿ. ಅಲ್ಲೇ ಇರ್ಲಿ, ಮಂಗ ಪೂರ್ತಿ ಖಾಲಿ ಆಗೋವರೆಗೆ.”

“ನೀವು ಅರ್ಜಿ ಹರಿದ್ರಲ್ಲ?”

“ಹರಿದೆ. ಇಂಥ ನಾಯಿ ಮೇಲೆ ಯಾರಾದ್ರೂ ಅರ್ಜಿ ಕೊಡ್ತಾರಾ?”

“ನಾನು ಒಪ್ಪಿಲ್ಲ.”

“ನೀವೇ ಹೇಳಿದ್ರಲ್ಲ, ಇಡೀ ಕೇರಿದು ಅಂತ” ಎಂದಳು ಸುಬ್ಬಲಕ್ಷ್ಮಿ. “ಮೊದಲನೇ ಸಲ ನಿಮ್ಮ ಮಾತು ಎಲ್ರೂ ಕೇಳಿದಾರೆ, ಈಗ ತಪ್ಪಬೇಡಿ.” ಕಲ್ಲೇಶಪ್ಪನವರ ನಂತರದ ಸರದಿ ಅನ್ನಮ್ಮನ ತಮ್ಮನ ತೋಟಕ್ಕೆ ಎಂಬುದೂ ಆಗಲೇ ಗಾಡಿಯಲ್ಲಿ ನಿಶ್ಚಯವಾಗಿತ್ತು.

ಗಜಾನನ ಸೆಟೆದು ನಿಂತ. “ದಿವಾನಾ, ಇಲ್ಲಿ ಬಾ.”

ದಿವಾನ ಎರಡು ಹೆಜ್ಜೆ ಬಂದಿತು. ಕಲ್ಲೇಶಪ್ಪ ಹಗ್ಗ ಕೈಬಿಟ್ಟು, ಅವಸರವಿಲ್ಲದೆ ತಮ್ಮ ತಾರಸಿಯ ಮೆಟ್ಟಿಲು ಹತ್ತಿ, ಜೇಬಿನಿಂದ ಒಂದು ಸೀಟಿ ತೆಗೆದರು. ಬೀಚಿನಲ್ಲಿ ಜಟ್ಟಪ್ಪನಿಂದ ಕೇಳಿ ತಂದದ್ದು. ಒಂದೇ ಸಲ ಊದಿದರು. ದಿವಾನ ಗಜಾನನನ ಕಡೆ ತಿರುಗಿಯೂ ನೋಡದೆ ಅವರ ಗೋಡೆಯ ಬುಡಕ್ಕೆ ಓಡಿ, ಎಂದಿನ ಜಾಗದಲ್ಲಿ ನಿಂತು ಬೊಗಳಿತು. ಕಲ್ಲೇಶಪ್ಪ ಮೇಲಿನಿಂದ, ಸನ್ಮಾನ ಸ್ವೀಕರಿಸುವವರ ಹಾಗೆ, ನಗುತ್ತ ಕೇಳಿಸಿಕೊಂಡರು.

“ಎಂತ ದನಿ ನೋಡು ಗಜಾನನ” ಎಂದರು.

“ದನಿ ಒಳ್ಳೇದೇ” ಎಂದ ಗಜಾನನ. ಅಷ್ಟು ಹೆಮ್ಮೆ ಅವನಲ್ಲಿ ಇನ್ನೂ ಉಳಿದಿತ್ತು.

ಮನೆಯೊಳಗೆ ಟೀವಿ ಜೋರಾಗಿತ್ತು. ಸಣ್ಣ ಮಾಡು ಎಂದು ಹೇಳಲು ಹೋಗಲಿಲ್ಲ. ಜಗುಲಿಯಲ್ಲಿ ಕೂತು, ಕನ್ನಡಕವಿಲ್ಲದ್ದರಿಂದ ನೋಟ್‌ಬುಕ್ಕನ್ನು ಮೂಗಿನ ಹತ್ತಿರ ಹಿಡಿದು, ದಿನದ ಲೆಕ್ಕ ಮುಗಿಸಿದ. ದಿವಾನನ ಮೇಲೆ ದೂರು: ಇಲ್ಲ. ಕಳೆದದ್ದು: ಕನ್ನಡಕ ಒಂದು, ಎಡಗಾಲಿನ ಚಪ್ಪಲಿ ಒಂದು, ಉಪ್ಪು ಎರಡು ಕಿಲೋ, ನಾಯಿ ಒಂದು.