ಕೆರೆ ಕಾವಲಿಗೆ ಬಂದ ಮುಯ್ಯಿ

ಕೇಳಿ ಪಡೆಯುವುದು ಒಂದು ವಿದ್ಯೆ. ಆ ವಿದ್ಯೆ ನನಗೆ ಹತ್ತಲೇ ಇಲ್ಲ. ಹಾಲು ಒಡೆದ ದಿನ ಪಕ್ಕದ ಮನೆಯಲ್ಲಿ ಒಂದು ಲೋಟ ಹಾಲು ಕೇಳುವ ಬದಲು, ಬಂದ ನೆಂಟರಿಗೆ ನಿಂಬೆಹಣ್ಣಿನ ಪಾನಕ ಕೊಟ್ಟು, ‘ಬಿಸಿಲಿಗೆ ಇದೇ ಒಳ್ಳೇದು’ ಎಂದು ಮಾಗಿಯ ಚಳಿಯಲ್ಲಿ ಹೇಳಿದವಳು ನಾನು. ಹಿಂದೆಲ್ಲ ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಆಮೇಲೆ ಕೊಡುತ್ತೇನೆ ಎಂದರೆ ಮುಗಿಯಿತು. ಬಾಯಿಬಿಟ್ಟು ಕೇಳಲಾರದೆ, ಅವರಾಗಿಯೇ ಕೊಟ್ಟಾರೆಂದು ಕಾಯುತ್ತಾ, ವಿಜಯನಗರದಲ್ಲಿ ಇಳಿಯಬೇಕಾದವಳು ಕೆಂಗೇರಿಯವರೆಗೆ ಹೋದದ್ದೂ ಉಂಟು. ಹೆಂಗಸರಿಗೆ ಬಸ್ಸು ಫ್ರೀ ಆದಾಗ ಎಲ್ಲರೂ ದುಡ್ಡು ಉಳಿಯಿತು ಎಂದು ಸಂತೋಷಪಟ್ಟರು. ನಾನು ಮಾತ್ರ ಇನ್ನು ಚಿಲ್ಲರೆ ಕೇಳಬೇಕಾಗಿಲ್ಲವಲ್ಲ ಎಂದು ನೆಮ್ಮದಿಯ ಉಸಿರು ಬಿಟ್ಟೆ. ಇಂಥವಳು ಮುಖಪರಿಚಯವೂ ಇಲ್ಲದ ಲೋಕದ ಜನರ ಮುಂದೆ ಸೆರಗೊಡ್ಡಿ ನಿಂತೆ ಎಂದರೆ ನೀವು ನಂಬಲಿಕ್ಕಿಲ್ಲ. ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ನನ್ನ ಕಸುಬು ಲಗ್ನಪತ್ರಿಕೆ. ರಾಜಾಜಿನಗರದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ವರ್ಷಗಟ್ಟಲೆ ಗಣಪತಿಗಳನ್ನು ಬರೆದಿದ್ದೇನೆ. ಕೂತ ಗಣಪತಿ, ನಿಂತ ಗಣಪತಿ, ಅಡಿಕೆಯೊಳಗಿನ ಗಣಪತಿ, ಒಮ್ಮೆ ಗಿರಾಕಿಯ ಒತ್ತಾಯಕ್ಕೆ ಬುಲೆಟ್ ಬೈಕಿನ ಮೇಲಿನ ಗಣಪತಿ. ಈ ಕಸುಬಿನ ಬೇಸರ ಕಳೆಯಲು ಊಟದ ಬಿಡುವಿನಲ್ಲಿ, ಮಿಕ್ಕ ಕಾರ್ಡಿನ ಚೂರುಗಳ ಮೇಲೆ ಭೂತ, ಯಕ್ಷಿ, ರಾಕ್ಷಸರನ್ನು ಬರೆಯತೊಡಗಿದೆ. ಬರೆಯುತ್ತಾ ಬರೆಯುತ್ತಾ ಅದೊಂದು ಆಟವಾಯಿತು. ಹೆಸರು ‘ಕೆರೆ ಕಾವಲು’. ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಕೆರೆ. ಅದನ್ನು ಕಾಯಲು ಏರಿಯ ಭೂತ, ತೂಬಿನ ಯಕ್ಷಿ, ಮಂತ್ರ ಗೊತ್ತಿರುವ ಮುದಿ ಆಮೆ. ಹಾಳು ಮಾಡಲು ನೊರೆ ರಾಕ್ಷಸ. ಸರಿಯಾದ ಹೊತ್ತಿಗೆ ತೂಬು ತೆಗೆದರೆ ಪಕ್ಕದವರ ಕೆರೆ ಕೋಡಿ ಬಿದ್ದು ಅವರು ಸೋಲುತ್ತಾರೆ; ಆತುರಪಟ್ಟು ತೆಗೆದರೆ ನಮ್ಮ ಕೆರೆಯೇ ಬತ್ತಿಹೋಗುತ್ತದೆ.

ಮೊದಲ ಸಲ ಆಟದ ಎಲೆಗಳನ್ನು ಮನೆಗೆ ತಂದಾಗ ನಮ್ಮತ್ತೆ, “ಸಂಸಾರಸ್ಥರ ಮನೇಲಿ ಇಸ್ಪೀಟಾ?” ಎಂದು ದೇವರ ಮನೆಯ ಬಾಗಿಲು ಮುಂದಕ್ಕೆ ಹಾಕಿದರು. ಒಂದು ವಾರ ಕಳೆಯುವಷ್ಟರಲ್ಲಿ, “ಗಿರೀಶಾ, ಕೂತ್ಕೊಳೋ, ನಿನ್ನ ಕೆರೆ ಕೋಡಿ ಬೀಳಿಸ್ತೀನಿ” ಎಂದು ಮಗನನ್ನೇ ಆಟಕ್ಕೆ ಕರೆಯುತ್ತಿದ್ದರು. ಗಿರೀಶ ಅಂದರೆ ನಮ್ಮವರು. ತಾಯಿಯ ಎದುರು ಅವರು ಒಂದು ಆಟವನ್ನೂ ಗೆದ್ದದ್ದನ್ನು ನಾನು ಕಂಡಿಲ್ಲ.

ಪ್ರೆಸ್ಸಿನಲ್ಲಿ ನನ್ನ ಪಕ್ಕದ ಕುರ್ಚಿಯ ಸವಿತಾ ಹುಬ್ಬಳ್ಳಿಯವಳು. ಅವಳೇ ಒಂದು ದಿನ, “ಮೇಡಮ್ಮಾರ, ಇದನ್ನ ಹಿಂಗ ಡಬ್ಬಿಯೊಳಗ ಇಟ್ಕೊಂಡು ಕುಂತ್ರ ಏನ್ ಬಂತ್ರಿ? ನೆಟ್ಟಿನ್ಯಾಗ ಹಾಕೂಣು. ಬೇಕಾದವ್ರು ಮೊದಲ ರೊಕ್ಕ ಹಾಕ್ತಾರ, ಆಮ್ಯಾಲೆ ನಾವು ಛಾಪಿಸಿ ಕಳಸೂದು” ಎಂದಳು. ಕ್ರೌಡ್ ಫಂಡಿಂಗ್ ಎಂದರೆ ಅದೇ ಅಂತೆ. ಅಷ್ಟು ಜನ ಸೇರದೆ ಹೋದರೆ ಏನು ಗತಿ ಎಂದೆ. “ಗುರಿ ಮುಟ್ಟಲಿಲ್ಲಂದ್ರ ಅವರವರ ರೊಕ್ಕ ಅವರವರಿಗೇ ವಾಪಸ್ ಹೋಗ್ತೈತ್ರಿ. ಯಾರಿಗೂ ಲುಕ್ಸಾನ್ ಇಲ್ಲ” ಎಂದಳು. ಎಷ್ಟು ಮರ್ಯಾದಸ್ತ ವ್ಯವಸ್ಥೆ ಎಂದು ನಾನು ಮೆಚ್ಚಿಕೊಂಡೆ.

ಆಟ ವೆಬ್‌ಸೈಟಿಗೆ ಹತ್ತುವ ದಿನ ನಾಲ್ಕು ಜನಕ್ಕೆ ತಿಳಿಯಬೇಕಲ್ಲ. ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆಂದು ಒಂದು ಪ್ರಕಟಣೆ ಮಾಡಲು ಕುಳಿತೆ. ಲಗ್ನಪತ್ರಿಕೆ ಮಾಡಿ ಮಾಡಿ ಪಳಗಿದ ಕೈ ನೋಡಿ, ಬೇರೆ ದಾರಿಯೇ ಹಿಡಿಯಲಿಲ್ಲ. ಮೇಲೆ ಗಣಪತಿ ಬಂದ. ‘ಶುಭ ಮುಹೂರ್ತದಲ್ಲಿ’ ಬಂತು. ‘ತಾವು ಸಕುಟುಂಬ ಪರಿವಾರ ಸಮೇತರಾಗಿ’ ಬಂತು. ಕೆಳಗೆ ‘ತಮ್ಮ ಸುಖಾಗಮನ ಬಯಸುವವರು’ ಎಂಬ ಜಾಗಕ್ಕೆ ಬಂದಾಗ ಪ್ರೆಸ್ಸು ಮುಚ್ಚುವ ಹೊತ್ತಾಗಿತ್ತು. ಪತ್ರಿಕೆಯ ಕೆಳಗಿನ ಈ ಹೆಸರುಗಳ ವಿಷಯದಲ್ಲಿ ನಮ್ಮ ಕಸುಬಿನವರಿಗೆ ಜೀವಭಯ. ಒಬ್ಬ ಸೋದರಮಾವನ ಹೆಸರು ಬಿಟ್ಟುಹೋಗಿ ಮದುವೆಯೇ ಮುಂದಕ್ಕೆ ಹೋದದ್ದನ್ನು ಕಂಡವಳು ನಾನು. ಯಾವ ತಕರಾರೂ ಬೇಡವೆಂದು, ನಮ್ಮವರ ದೊಡ್ಡಮ್ಮನ ಮಗನ ಮದುವೆಗೆ ಹಿಂದೆ ನಾನೇ ಮಾಡಿದ್ದ ಪತ್ರಿಕೆಯಿಂದ ಹಿರಿಯರ ಹೆಸರುಗಳನ್ನು ಸಾರಾಸಗಟಾಗಿ ಎತ್ತಿ ಇಲ್ಲಿಗೆ ಅಂಟಿಸಿದೆ. ಅದರಲ್ಲಿ ‘ಶ್ರೀಮತಿ ನಾಗರತ್ನಮ್ಮ, ಕುರುಬರಹಳ್ಳಿ’ ಎಂಬ ಹೆಸರೂ ಇತ್ತು. ನಾನು ನೋಡಲಿಲ್ಲ.

ನಾಗರತ್ನಮ್ಮ ನಮ್ಮತ್ತೆಯ ಒಡಹುಟ್ಟಿದ ತಂಗಿ, ನನಗೆ ಚಿಕ್ಕತ್ತೆ. ವಿಜಯನಗರದ ನಮ್ಮ ಮನೆಯ ಗೃಹಪ್ರವೇಶದಂದಿನಿಂದ ಅವರಿಗೂ ನಮಗೂ ಮಾತಿರಲಿಲ್ಲ. ಆಗ ಪತ್ರಿಕೆಯಲ್ಲಿ ‘ನಿಮ್ಮ ಆಶೀರ್ವಾದವೇ ಉಡುಗೊರೆ’ ಎಂಬ ಸಾಲು ಹಾಕಿಸಿದ್ದೆವು. ಎಲ್ಲರೂ ಹಾಕಿಸುತ್ತಾರೆ, ಯಾರೂ ಅದನ್ನು ನಂಬುವುದಿಲ್ಲ, ಮುಯ್ಯಿಯ ಕವರು ತಂದೇ ತರುತ್ತಾರೆ. ನಂಬಿದವರು ನಮ್ಮವರೊಬ್ಬರೇ. ಚಿಕ್ಕತ್ತೆ ಕೊಟ್ಟ ಕವರನ್ನು, “ಬೇಡ ಚಿಕ್ಕಮ್ಮ, ಯಾರ ಹತ್ರಾನೂ ತಗೊಳ್ತಾ ಇಲ್ಲ” ಎಂದು ಅವರ ಬ್ಯಾಗಿಗೇ ತುರುಕಿದರು. ಅದೇ ಹೊತ್ತಿನಲ್ಲಿ ಒಳಗೆ ಅಡುಗೆಮನೆಯಲ್ಲಿ ಅತ್ತೆ ಬಂದವರೆಲ್ಲರ ಕವರುಗಳನ್ನು ಒಂದು ಸ್ಟೀಲ್ ಡಬ್ಬಿಗೆ ತುಂಬುತ್ತಿದ್ದರು. ಎಲೆ ಹಾಕುವ ಹೊತ್ತಿಗೆ ಚಿಕ್ಕತ್ತೆ ಅದನ್ನು ಕಂಡರು. ಊಟ ಮಾಡದೆ ಹೊರಟುಹೋದರು. ಆಮೇಲೆ ಅಕ್ಕ ಫೋನು ಮಾಡಿದರೆ ತಂಗಿ ಎತ್ತುತ್ತಿರಲಿಲ್ಲ.

ಪ್ರಕಟಣೆ ಹೋದ ಮರುದಿನ ಬೆಳಿಗ್ಗೆ ಅತ್ತೆಯ ಫೋನು ಹೊಡೆದುಕೊಂಡಿತು. “ಹಲೋ” ಎಂದವರು ಹಾಗೇ ಕುರ್ಚಿಗೆ ಕುಸಿದರು. “ರತ್ನಾ... ನೀನೇನೇ?” ಎಂದರು. ಸ್ಪೀಕರಿನಲ್ಲಿ ಚಿಕ್ಕತ್ತೆಯ ದನಿ: “ಗುಂಪಲ್ಲಿ ಬಂದ ಕರೆಯೋಲೇಲಿ ನನ್ನ ಹೆಸರು ಹಾಕ್ಸಿದೀರಲ್ಲಕ್ಕ. ನನ್ನ ಮರ್ತಿಲ್ಲ ಬಿಡು ನೀನು. ಏನೋ ಕೆರೆ ಪೂಜೆ ಅಂತ ಕಾಣ್ಸುತ್ತೆ, ಇರ್ಲಿ. ಪಕ್ಕದ್ಮನೆ ಹುಡುಗಿ ಕೈಲಿ ಫೋನಲ್ಲೇ ಮುಯ್ಯಿ ಹಾಕ್ಸಿದೀನಿ.” ಅತ್ತೆ ಕಣ್ಣೊರೆಸಿಕೊಳ್ಳುತ್ತಾ ನನ್ನ ಕೈ ಹಿಡಿದುಕೊಂಡು, “ಎಂಥಾ ಕೆಲ್ಸ ಮಾಡ್ದೆ ತಾಯಿ, ನನಗೇ ಹೊಳೀಲಿಲ್ಲ” ಎಂದರು. ಅದು ನನ್ನ ಒಳ್ಳೆಯತನವಲ್ಲ, ಹಳೆಯ ಪತ್ರಿಕೆಯ ಕಾಪಿ ಪೇಸ್ಟು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಸುಮ್ಮನೆ ತಲೆ ತಗ್ಗಿಸಿದೆ. ಅದನ್ನೂ ಅವರು ವಿನಯವೆಂದು ತಿಳಿದರು.

ಅಕ್ಕತಂಗಿಯರು ಆಮೇಲೆ ದಿನಾ ಮಾತಾಡತೊಡಗಿದರು. ಬೆಳಗಿನ ಕಾಫಿಗೊಂದು ಫೋನು, ಅವರೆಕಾಯಿ ಸುಲಿಯುವಾಗೊಂದು ಫೋನು, ಸೀರಿಯಲ್ಲಿನ ಸೊಸೆಯನ್ನು ಬೈಯಲು ಮತ್ತೊಂದು. ಇತ್ತ ನನ್ನ ಆಟದ ಗತಿ ನೋಡಿದರೆ ಅರ್ಧ ದಾರಿಯಲ್ಲಿ ಕೂತ ಎತ್ತು. ಯಾರ್ಯಾರೋ ಬಂದು ಚಿತ್ರ ಚೆನ್ನಾಗಿದೆ ಎನ್ನುತ್ತಿದ್ದರು, ಹೃದಯದ ಗುರುತು ಒತ್ತುತ್ತಿದ್ದರು, ಹೋಗುತ್ತಿದ್ದರು. ಗಡುವು ಹತ್ತಿರವಾದಾಗ ಸವಿತಾ, “ಮುಟ್ಟೂದು ಕಷ್ಟ ಅನಸ್ತೈತ್ರಿ ಮೇಡಮ್ಮಾರ. ಇರ್ಲಿ ಬಿಡ್ರಿ, ರೊಕ್ಕೇನು ತಾನ ವಾಪಸ್ ಹೋಗ್ತೈತಿ” ಎಂದು ಸಮಾಧಾನ ಹೇಳಿದಳು. ಆಟ ಮಣ್ಣುಪಾಲಾದರೆ ನನಗೆ ದುಃಖ, ಅಷ್ಟೇ. ಇನ್ನೊಂದು ನೂರು ಗಣಪತಿ ಬರೆದು ಮರೆಯುತ್ತಿದ್ದೆ. ಆದರೆ ಚಿಕ್ಕತ್ತೆಯ ಮುಯ್ಯಿ ಎರಡನೆಯ ಸಲ ವಾಪಸ್! ಅದೂ ಯಾರನ್ನೂ ಕೇಳದೆ, ತಾನೇ ತಾನಾಗಿ! ಮನೆಗೆ ಬಂದು ನಮ್ಮವರಿಗೆ ಹೇಳಿದೆ. “ನಾವೇ ಬಾಕಿದು ಹಾಕ್ಬಿಡೋಣ ಕಣೇ” ಎಂದರು. ನಮ್ಮ ದುಡ್ಡು ನಾವೇ ಹಾಕಿಕೊಳ್ಳಲು ವೆಬ್‌ಸೈಟಿನವರು ಒಪ್ಪುವುದಿಲ್ಲ ಎಂದೆ. “ಹಾಗಾದ್ರೆ ನೀನೇ ಹೋಗಿ ಚಿಕ್ಕಮ್ಮಂಗೆ ಹೇಳು. ನಾನು ಹೋದ್ರೆ ಬಾಗ್ಲು ತೆಗೆಯಲ್ಲ” ಎಂದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರು.

ಕುರುಬರಹಳ್ಳಿಗೆ ಒಬ್ಬಳೇ ಹೋದೆ. ಚಿಕ್ಕತ್ತೆ ಉಪ್ಪಿಟ್ಟು ಕೊಟ್ಟರು. ಗುರಿ ಮುಟ್ಟದಿದ್ದರೆ ಹಾಕಿದ್ದು ವಾಪಸ್ ಬರುತ್ತದೆ, ಅದು ಕಂಪ್ಯೂಟರಿನ ನಿಯಮ, ನಾವು ಕೊಡುವುದಲ್ಲ, ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ ಎಂದು ಒಂದೇ ಉಸಿರಿಗೆ ಒದರಿದೆ. ಚಿಕ್ಕತ್ತೆ ಮೆಲ್ಲಗೆ, “ಗೃಹಪ್ರವೇಶದ ದಿನ ಯಾಕೆ ಎದ್ದು ಬಂದೆ ಗೊತ್ತೇನೇ? ಇವಳಿಗೆ ಮಕ್ಕಳಿಲ್ಲ ಮರಿಯಿಲ್ಲ, ಇವಳ ಮನೇಲಿ ಮದುವೆ ಇಲ್ಲ ನಾಮಕರಣ ಇಲ್ಲ, ನಾವು ತಿರುಗಿ ಹಾಕೋದು ಯಾವಾಗ ಅಂತ ಲೆಕ್ಕ ಹಾಕಿ ನನ್ನದೊಂದೇ ವಾಪಸ್ ಕೊಟ್ರು ಅಂದ್ಕೊಂಡೆ” ಎಂದರು.

ನಾವು ಅದನ್ನು ಬರೀ ಸೆಡವು ಎಂದುಕೊಂಡು ಇಷ್ಟು ವರ್ಷ ಕಳೆದಿದ್ದೆವು. “ಅಯ್ಯೋ ಇಲ್ಲ ಚಿಕ್ಕತ್ತೆ, ಅವ್ರಿಗೆ ಅಷ್ಟೆಲ್ಲ ಲೆಕ್ಕ ಹಾಕೋ ಬುದ್ಧಿ ಎಲ್ಲಿದೆ, ಪತ್ರಿಕೇಲಿ ಬರೆದಿದ್ದನ್ನ ನಂಬಿದ್ರು ಅಷ್ಟೇ” ಎಂದೆ. ಗಂಡನನ್ನು ದಡ್ಡನೆಂದು ಸಾಧಿಸಿ ಸಂಸಾರ ಉಳಿಸಿಕೊಂಡವರಲ್ಲಿ ನಾನೇ ಮೊದಲಿನವಳೇನಲ್ಲ. ಚಿಕ್ಕತ್ತೆಗೆ ನಗು ಬಂತು. ನನಗೂ ಬಂತು, ಜೊತೆಗೆ ಅಳುವೂ ಬಂತು. ಸೆರಗಿನಲ್ಲಿ ಮೂಗು ಒರೆಸಿಕೊಂಡು ಅವರು, “ಸರಿ, ಎಷ್ಟು ಜನ ಬೇಕು ಹೇಳು. ಪತ್ರಿಕೇಲಿ ನನ್ನ ಹೆಸರು ಹಾಕಿದೀರ. ಇದು ನಮ್ಮನೆ ಕಾರ್ಯ. ನಿಂತು ಹೋದ್ರೆ ಮರ್ಯಾದೆ ಯಾರದ್ದು?” ಎಂದು ಫೋನು ಕೈಗೆತ್ತಿಕೊಂಡರು.

ಆಮೇಲೆ ನಡೆದದ್ದನ್ನು ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ನೋಡುತ್ತಾ ಕುಳಿತೆ. ಮದುವೆಯಾಗಿ ಕುರುಬರಹಳ್ಳಿಗೆ ಬಂದಂದಿನಿಂದ ಚಿಕ್ಕತ್ತೆ ಹೋಗದ ಮದುವೆಯಿಲ್ಲ, ಹಾಕದ ಮುಯ್ಯಿಯಿಲ್ಲ. ತಿರುಗಿ ಹಾಕಿಸಿಕೊಳ್ಳಲು ಮಾತ್ರ ಅವರ ಮನೆಯಲ್ಲಿ ಒಂದು ಕಾರ್ಯವೂ ಆಗಿರಲಿಲ್ಲ. “ಜಯಮ್ಮಾ, ನಿನ್ನ ಮಗಳ ಮದುವೇಲಿ ಹಾಲಿನ ಪಾತ್ರೆ ಕೊಟ್ಟಿದ್ದೆ, ಜ್ಞಾಪಕ ಐತಾ? ಈಗ ನಮ್ಮನೇಲಿ ಕಾರ್ಯ ಕಣಮ್ಮ. ಲಿಂಕ್ ಕಳಿಸ್ತೀನಿ, ಒತ್ತು” ಎನ್ನುತ್ತಿದ್ದರು. ಏನು ಕಾರ್ಯ ಎಂದು ಆ ಕಡೆಯಿಂದ ಕೇಳಿದರೆ, “ಅದೆಲ್ಲ ಆಮೇಲೆ, ಮೊದ್ಲು ಒತ್ತು” ಎನ್ನುತ್ತಿದ್ದರು. ಕೇಳುವುದೆಂದರೆ ಹೀಗೆ. ಆ ದನಿಯಲ್ಲಿ ಸಂಕೋಚದ ಸುಳಿವೇ ಇರಲಿಲ್ಲ. ಕುರುಬರಹಳ್ಳಿ ಒತ್ತಿತು, ಮಹಾಲಕ್ಷ್ಮಿ ಲೇಔಟ್ ಒತ್ತಿತು, ಬಸವೇಶ್ವರನಗರದ ಭಜನಾ ಮಂಡಳಿಯವರು ಭಜನೆ ನಿಲ್ಲಿಸಿ ಒತ್ತಿದರು. ಗಡುವಿಗೆ ಮುಂಚೆಯೇ ಗುರಿ ದಾಟಿತು. “ಏನ್ ಮಾರ್ಕೆಟಿಂಗ್ ಮಾಡಿದ್ರಿ ಮೇಡಮ್ಮಾರ?” ಎಂದು ಸವಿತಾ ಬೆರಗಾದಳು. ಅಂದು ಮನೆಗೆ ಬಂದು ಎಷ್ಟೋ ದಿನಗಳ ಮೇಲೆ ಎರಡು ಸಲ ಅನ್ನ ಬಡಿಸಿಕೊಂಡು ಉಂಡೆ. ನಮ್ಮವರೂ ಬಚ್ಚಲಿನಿಂದ ಹೊರಬಂದು ಧೈರ್ಯವಾಗಿ ಓಡಾಡತೊಡಗಿದರು.

ಆಟದ ಡಬ್ಬಿಗಳು ಅಚ್ಚಾಗಿ ಬಂದವು. ಕೊರಿಯರ್ ಮಾಡುತ್ತೇನೆ ಎಂದರೆ ಚಿಕ್ಕತ್ತೆ ಕೇಳಲಿಲ್ಲ. ಮುಯ್ಯಿ ಹಾಕಿದವರನ್ನು ಊಟಕ್ಕೆ ಕರೆಯದೆ ಇರುವುದುಂಟೆ? ಅವರ ಮನೆಯ ತಾರಸಿಯ ಮೇಲೆ ಶಾಮಿಯಾನ ಬಿತ್ತು. ತಾಂಬೂಲದ ಚೀಲದಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಜೊತೆಗೊಂದು ‘ಕೆರೆ ಕಾವಲು’. ದೂರದೂರಿನ ಅಪರಿಚಿತರಿಗೆ ಹೋಗುವ ಡಬ್ಬಿಗಳನ್ನಾದರೂ ಬಿಡುತ್ತಾರೆಂದುಕೊಂಡರೆ, ಅವಕ್ಕೂ ಒಂದೊಂದು ಕುಂಕುಮದ ಪೊಟ್ಟಣ ಹಾಕಿಸಿದರು. ಪುಣೆಯ ಒಬ್ಬ ಆಟಗಾರ ಆಮೇಲೆ ಬರೆದು ಕೇಳಿದ: ‘ಕೆಂಪು ಪುಡಿ ಬಂದಿದೆ, ಅದು ಯಾವ ಪಾತ್ರದ ಶಕ್ತಿ, ನಿಯಮಗಳಲ್ಲಿ ಕಾಣಲಿಲ್ಲ.’

ಊಟದ ದಿನ ಚಿಕ್ಕತ್ತೆ ರೇಷ್ಮೆ ಸೀರೆ ಉಟ್ಟು, ಅಕ್ಕನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಬಾಗಿಲಲ್ಲಿ ಎಲ್ಲರಿಗೂ ಪನ್ನೀರು ಚಿಮುಕಿಸಿದರು. ಜೀವಮಾನವೆಲ್ಲ ಬೇರೆಯವರ ಬಾಗಿಲಲ್ಲಿ ಚಿಮುಕಿಸಿಕೊಂಡೇ ಒಳಗೆ ಹೋದವರು. ಅವರ ಮುಖ ನೋಡಿ ನನಗೆ ಹೊಟ್ಟೆ ತಣ್ಣಗಾಯಿತು. ಬಂದವರಿಗೆಲ್ಲ ನನ್ನನ್ನು ತೋರಿಸಿ, “ನಮ್ಮಕ್ಕನ ಸೊಸೆ, ಎಂಥದೋ ಇಸ್ಪೀಟು ಮಾಡಿದಾಳೆ, ಬುದ್ಧಿವಂತೆ” ಎಂದು ಪರಿಚಯಿಸಿದರು. ಯಾರೂ ಡಬ್ಬಿ ತೆರೆದು ನೋಡಲಿಲ್ಲ. ಹೋಳಿಗೆ ಮಾತ್ರ ಬಹಳ ಚೆನ್ನಾಗಿದೆ ಎಂದು ನನ್ನನ್ನು ಹೊಗಳಿದರು.

ಕೊನೆಯ ಪಂಕ್ತಿಯಲ್ಲಿ ಕೂತು ನಾನು ಹೋಳಿಗೆ ಮುರಿಯುತ್ತಿದ್ದಾಗ ಚಿಕ್ಕತ್ತೆ ಬಂದು, ತಾವೇ ತುಪ್ಪ ಬಡಿಸಿ, ಕಿವಿಯ ಹತ್ತಿರ ಬಗ್ಗಿದರು. ಆಟದ ಬಗ್ಗೆ ಕೊನೆಗೂ ಒಂದು ಮಾತು ಆಡುತ್ತಾರೆ ಎಂದು ನನ್ನೊಳಗಿನ ಕಲಾವಿದೆ ಕಿವಿ ನಿಮಿರಿಸಿದಳು.

“ಲೇ ಸುಮಾ, ಬೇಗ ಇನ್ನೊಂದು ಆಟ ಮಾಡೇ” ಎಂದರು ಚಿಕ್ಕತ್ತೆ. “ರಾಜಾಜಿನಗರದವರು ಪೂರ್ತಿ ಬಾಕಿ ಇದಾರೆ.”